010 ಎಂದರೆ ಹತ್ತೋ, ಎಂಟೋ?

ಹಿಂದಿನ ರಾಜ್ಯೋತ್ಸವದ ರಸಪ್ರಶ್ನೆಗೆ ಬಂದಿದ್ದವರಿಗೆ ನೆನಪಿರಬಹುದು. ಮೊದಲ ಸುತ್ತಿನ ಫಲಿತಾಂಶ ಓದುತ್ತಾ ಓದುತ್ತಾ ನಾವು ಅರ್ಧಕ್ಕೆ ನಿಲ್ಲಿಸಿ, ಆ ಸುತ್ತನ್ನೇ ಮತ್ತೆ ನಡೆಸಿದೆವು. ಮೈಕಿನಲ್ಲಿ "ತಾಂತ್ರಿಕ ಕಾರಣಗಳಿಂದ" ಅಂತ ಒಂದು ಮಾತು ಹೇಳಿ ಕೈ ತೊಳೆದುಕೊಂಡೆವು. ಆ ತಾಂತ್ರಿಕ ಕಾರಣ ಏನು ಅಂತ ಆಮೇಲೆ ತುಂಬಾ ಜನ ಕೇಳಿದರು. ಕೇಳಿದವರಿಗೆಲ್ಲ ಕಾರಿಡಾರಿನಲ್ಲಿ ನಿಂತು ಅರ್ಧಂಬರ್ಧ ಹೇಳಿದ್ದೇ ಆಯಿತು. ಈ ಲೇಖನದಲ್ಲಿ ಪೂರ್ತಿ ಹೇಳುತ್ತೇವೆ. ತಪ್ಪು ನಮ್ಮದೇ. ಆದರೆ ಆ ತಪ್ಪಿನ ಹಿಂದೆ 40 ವರ್ಷಕ್ಕಿಂತ ಹಳೆಯ ಒಂದು ಕಥೆ ಇದೆ, ನೆಟ್‌ವರ್ಕ್ ಪ್ರೋಗ್ರಾಂ ಬರೆಯುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಅದಕ್ಕೆ ಡಿಕ್ಕಿ ಹೊಡೆಯುತ್ತಾರೆ.

ನಡೆದದ್ದು ಇಷ್ಟು

ಲ್ಯಾಬಿನಲ್ಲಿ 40 ಕಂಪ್ಯೂಟರ್‌ಗಳು, ಎಲ್ಲದರಲ್ಲೂ ಲಿನಕ್ಸ್. ಒಂದೊಂದರ ಮೇಲೂ ಅದರ ಐಪಿ ವಿಳಾಸದ ಸ್ಟಿಕ್ಕರ್. ಯಾರೋ ಪುಣ್ಯಾತ್ಮರು ಸ್ಟಿಕ್ಕರ್‌ಗಳು ಒಂದೇ ಅಳತೆಯಲ್ಲಿ ಚೆಂದ ಕಾಣಲಿ ಅಂತ ಕೊನೆಯ ಭಾಗವನ್ನು ಮೂರು ಅಂಕಿಗಳಲ್ಲಿ ಬರೆದಿದ್ದರು: 10.1.1.001, 10.1.1.002, ಹೀಗೆ 10.1.1.040ರವರೆಗೆ. ನಾವು ಸ್ಟಿಕ್ಕರ್ ನೋಡಿ ಇದ್ದದ್ದನ್ನು ಇದ್ದ ಹಾಗೇ ಒಂದು ಫೈಲಿಗೆ ಟೈಪ್ ಮಾಡಿಕೊಂಡೆವು. ಸಿ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ: ಫೈಲಿನಿಂದ ವಿಳಾಸಗಳನ್ನು ಒಂದೊಂದಾಗಿ ಓದುವುದು, ಆ ಕಂಪ್ಯೂಟರ್‌ಗೆ ಪ್ರಶ್ನೆ ಕಳಿಸುವುದು, ಕಳಿಸಿದ್ದಾಯಿತು ಅಂತ ಲಾಗಿನಲ್ಲಿ ಬರೆಯುವುದು. ಹಿಂದಿನ ರಾತ್ರಿ ಮೊದಲ ಸಾಲಿನ ಐದು ಕಂಪ್ಯೂಟರ್‌ಗಳಲ್ಲಿ ಪರೀಕ್ಷೆ ಮಾಡಿದೆವು. ಸಲೀಸಾಗಿ ನಡೆಯಿತು. ಹೋಗಿ ಮಲಗಿದೆವು.

ಮರುದಿನ 40 ತಂಡಗಳು ಬಂದು ಕೂತವು. ಮೊದಲ ಪ್ರಶ್ನೆ ಹೋಯಿತು. ಲಾಗಿನಲ್ಲಿ 8, 9, 18, 19, 28, 29, 38, 39 ಈ ಎಂಟು ವಿಳಾಸಗಳ ಎದುರು "ಹೆಸರು ಗೊತ್ತಿಲ್ಲ" ಎಂಬ ಅರ್ಥದ ದೋಷ. ನಮ್ಮಲ್ಲೊಬ್ಬ 8ನೇ ಕಂಪ್ಯೂಟರ್ ಹತ್ತಿರ ಓಡಿದ. ಅಲ್ಲಿ ಪ್ರಶ್ನೆ ನೀಟಾಗಿ ಕಾಣುತ್ತಿದೆ! 18 ನೋಡಿದ, ಅಲ್ಲೂ ಇದೆ. "ಲಾಗ್ ಏನೋ ಸುಳ್ಳು ಹೇಳ್ತಿದೆ, ಬಿಡ್ರೋ" ಅಂದೆವು.

ಅಷ್ಟರಲ್ಲಿ ಕೊನೆಯ ಸಾಲಿನಿಂದ ಒಬ್ಬ ಮೊದಲ ವರ್ಷದ ಹುಡುಗ ಎದ್ದು, "ಅಣ್ಣಾ, ನಮಗೆ ಪ್ರಶ್ನೇನೇ ಬಂದಿಲ್ಲ" ಅಂದ. ಅವನದು 35ನೇ ಕಂಪ್ಯೂಟರ್. ಲಾಗ್ ನೋಡಿದರೆ 35ರ ಎದುರು "ಕಳಿಸಿದೆ" ಅಂತ ಸ್ಪಷ್ಟವಾಗಿ ಇದೆ. "ಕಳಿಸಿದೀವಲ್ಲಪ್ಪ, ನೋಡ್ಕೋ ಸರಿಯಾಗಿ" ಅಂದು ಕೂರಿಸಿದೆವು. ಹತ್ತು ಪ್ರಶ್ನೆ ಮುಗಿದ ಮೇಲೆ ನೋಡಿದರೆ 33ರಿಂದ 40ರವರೆಗಿನ ಎಂಟೂ ತಂಡಗಳಿಗೆ ಸೊನ್ನೆ. ಆ ಎಂಟೂ ಕೊನೆಯ ಸಾಲಿನವು, ಹೆಚ್ಚಿನವರು ಮೊದಲ ವರ್ಷದವರು. ಅವರೆಲ್ಲ ಹೊರಗೆ ಅಂತ ಓದುತ್ತಿರುವಾಗಲೇ ನಮಗೆ ಏನೋ ಕಸಿವಿಸಿ ಆಗಿದ್ದು.

ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ. ದೋಷ ತೋರಿಸಿದ 8, 9, 18, 19, 28, 29ಕ್ಕೆ ಪ್ರಶ್ನೆ ತಲುಪಿದೆ. ಕಳಿಸಿದೆ ಎಂದು ಬರೆದ 33ರಿಂದ 37 ಮತ್ತು 40ಕ್ಕೆ ತಲುಪಿಲ್ಲ. 38, 39 ಎರಡರ ವಿಷಯದಲ್ಲಿ ಮಾತ್ರ ಲಾಗೂ ವಾಸ್ತವವೂ ತಾಳೆಯಾಗುತ್ತವೆ. ಏನಾಗಿರಬಹುದು?

ಗುಟ್ಟು ರಟ್ಟಾಗಿದ್ದು ಎರಡನೇ ವರ್ಷದ ಹುಡುಗಿಯೊಬ್ಬಳು ಟರ್ಮಿನಲ್ಲಿನಲ್ಲಿ ಪಿಂಗ್ ಎಂದು ಬರೆದು ಮುಂದೆ 10.1.1.010 ಎಂದು ಕೊಟ್ಟಾಗ. ಪಿಂಗ್ ತಾನು ಯಾರಿಗೆ ಕಳಿಸುತ್ತಿದ್ದೇನೆ ಅಂತ ಮೊದಲ ಸಾಲಿನಲ್ಲೇ ತೋರಿಸುತ್ತದಲ್ಲ, ಅಲ್ಲಿ 10.1.1.8 ಅಂತ ಬಂತು.

ಸೊನ್ನೆಗೂ ಬೆಲೆ ಇದೆ

ಸಿ ಭಾಷೆಯಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಆಕ್ಟಲ್, ಅಂದರೆ ಎಂಟನ್ನು ಆಧಾರವಾಗಿ ಇಟ್ಟುಕೊಂಡ ಎಣಿಕೆ. ಮೊದಲ ಸೆಮಿಸ್ಟರಿನಲ್ಲಿ ಎಲ್ಲರೂ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತ ಸಂಗತಿ. 010 ಎಂದರೆ ಎಂಟು, 011 ಎಂದರೆ ಒಂಬತ್ತು, 040 ಎಂದರೆ ಮೂವತ್ತೆರಡು. ಐಪಿ ವಿಳಾಸ ಓದುವ ಹಳೆಯ ಲೈಬ್ರರಿ ಫಂಕ್ಷನ್‌ಗಳು ಇದೇ ನಿಯಮವನ್ನು ವಿಳಾಸದ ಒಂದೊಂದು ಭಾಗಕ್ಕೂ ಅನ್ವಯಿಸುತ್ತವೆ.

ಈಗ ಲೆಕ್ಕ ಹಾಕಿ. 001ರಿಂದ 007ರವರೆಗೆ ಆಕ್ಟಲ್ ಆದರೂ ದಶಮಾನ ಆದರೂ ಬೆಲೆ ಒಂದೇ. ಅದಕ್ಕೇ ನಮ್ಮ ಐದು ಕಂಪ್ಯೂಟರ್‌ಗಳ ಪರೀಕ್ಷೆ ಸಲೀಸಾಗಿ ನಡೆದದ್ದು. 010ಕ್ಕೆ ಕಳಿಸಿದ್ದು 8ಕ್ಕೆ ಹೋಯಿತು, 012ಕ್ಕೆ ಕಳಿಸಿದ್ದು 10ಕ್ಕೆ, 020ಕ್ಕೆ ಕಳಿಸಿದ್ದು 16ಕ್ಕೆ. ಎಲ್ಲರಿಗೂ ಒಂದೇ ಪ್ರಶ್ನೆ ಆದ್ದರಿಂದ ಯಾರ ಪ್ರಶ್ನೆ ಯಾರಿಗೆ ಬಂತು ಅಂತ ಯಾರಿಗೂ ಗೊತ್ತಾಗಲಿಲ್ಲ. ಕೊನೆಯ 040 ಹೋಗಿ ತಲುಪಿದ್ದು 32ಕ್ಕೆ. 33ರಿಂದಾಚೆಗೆ ಯಾವುದೂ ಹೋಗಲೇ ಇಲ್ಲ.

ಹಾಗಾದರೆ 008, 009, 018 ಇತ್ಯಾದಿ? ಆಕ್ಟಲ್‌ನಲ್ಲಿ 8 ಮತ್ತು 9 ಎಂಬ ಅಂಕಿಗಳೇ ಇಲ್ಲ. ಆದ್ದರಿಂದ ಲೈಬ್ರರಿ "ಇದು ಸಂಖ್ಯಾ ವಿಳಾಸ ಅಲ್ಲ" ಎಂದು ತೀರ್ಮಾನಿಸಿತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅದು ಮುಂದುವರಿದು, "ಸಂಖ್ಯೆ ಅಲ್ಲ ಎಂದಮೇಲೆ ಇದು ಯಾವುದೋ ಕಂಪ್ಯೂಟರಿನ ಹೆಸರಿರಬೇಕು" ಎಂದುಕೊಂಡು 10.1.1.008 ಎಂಬ ಹೆಸರಿನವರು ಯಾರಾದರೂ ಇದ್ದಾರಾ ಅಂತ ಡಿಎನ್‌ಎಸ್ ಅನ್ನು ಕೇಳಲು ಹೊರಟಿತು! ಯಾರೂ ಇರಲಿಲ್ಲ. ಹೀಗಾಗಿ ಬಂದದ್ದು "ವಿಳಾಸ ತಪ್ಪು" ಎಂಬ ದೋಷ ಅಲ್ಲ, "ಹೆಸರು ಗೊತ್ತಿಲ್ಲ" ಎಂಬ ದೋಷ. ಆ ಒಂದು ಪದವನ್ನು ಗಮನವಿಟ್ಟು ಓದಿದ್ದರೆ ನಮಗೆ ಅಲ್ಲೇ ಸುಳಿವು ಸಿಗುತ್ತಿತ್ತು. ನಾವು ಹೆಸರೇ ಕೊಟ್ಟಿಲ್ಲ, ಇದ್ಯಾಕೆ ಹೆಸರು ಹುಡುಕುತ್ತಿದೆ ಅಂತ ಕೇಳಬೇಕಿತ್ತು.

ಒಂದೇ ಬಾಗಿಲು, ಇಬ್ಬರು ಅತಿಥಿಗಳು

ನಾವು ಬಳಸಿದ ಫಂಕ್ಷನ್ ಗೆಟ್‌ಆಡರ್‌ಇನ್ಫೋ. ಇಂದು ಬಹುತೇಕ ಎಲ್ಲ ನೆಟ್‌ವರ್ಕ್ ಪ್ರೋಗ್ರಾಂಗಳೂ ನೇರವಾಗಿಯೋ ಒಳಗಿಂದೊಳಗೋ ಇದನ್ನೇ ಕರೆಯುತ್ತವೆ. ಇದಕ್ಕೆ ಒಂದು ಸ್ಟ್ರಿಂಗ್ ಕೊಟ್ಟರೆ, ಅದು ಹೆಸರಾದರೂ ಸರಿ, ಸಂಖ್ಯಾ ವಿಳಾಸವಾದರೂ ಸರಿ, ಸಾಕೆಟ್‌ಗೆ ಬೇಕಾದ ರೂಪದಲ್ಲಿ ವಿಳಾಸ ಕೊಡುತ್ತದೆ. ಅನುಕೂಲವೇನೋ ಹೌದು. ಆದರೆ ಬಂದವರು ಯಾರು ಎಂದು ಊಹಿಸುವ ಕೆಲಸ ಈಗ ಲೈಬ್ರರಿಯ ತಲೆಗೆ ಬಿತ್ತು.

ಈ ಗೊಂದಲ ಬರಬಾರದು ಅಂತ ಹಿರಿಯರು ಮೊದಲೇ ಯೋಚಿಸಿದ್ದರು. 1985ರ ಆರ್‌ಎಫ್‌ಸಿ 952ರ ಪ್ರಕಾರ ಹೋಸ್ಟ್ ಹೆಸರು ಅಕ್ಷರದಿಂದಲೇ ಶುರುವಾಗಬೇಕಿತ್ತು. ಅಷ್ಟಿದ್ದರೆ ಕೆಲಸ ಸುಲಭ: ಮೊದಲನೆಯದು ಅಕ್ಷರವಾದರೆ ಹೆಸರು, ಅಂಕಿಯಾದರೆ ಸಂಖ್ಯೆ. ಆದರೆ 1989ರಲ್ಲಿ ಬಂದ ಆರ್‌ಎಫ್‌ಸಿ 1123 ಆ ಬಿಗಿ ಸಡಿಲಿಸಿ, ಅಂಕಿಯಿಂದಲೂ ಹೆಸರು ಶುರುವಾಗಬಹುದು ಎಂದಿತು. 3ಕಾಮ್ ಎಂಬ ಹೆಸರಿನ ಕಂಪನಿಯೇ ಇತ್ತಲ್ಲ! ಹಾಗೆ ಸಡಿಲಿಸುವಾಗ ಇನ್ನೊಂದು ಮಾತನ್ನೂ ಸೇರಿಸಿತು: ಡಿಎನ್‌ಎಸ್ ಕೇಳುವ ಮೊದಲು ಸ್ಟ್ರಿಂಗ್ ಚುಕ್ಕಿ-ಸಂಖ್ಯೆಯ ರೂಪದಲ್ಲಿದೆಯಾ ಎಂದು ನೋಡಿಕೊಳ್ಳಬೇಕು. ಹೆಸರಿನ ಕಟ್ಟಕಡೆಯ ಭಾಗ, ಅಂದರೆ ಕಾಮ್, ಆರ್ಗ್, ಇನ್ ಇಂಥವು, ಅಕ್ಷರಗಳೇ ಆಗಿರುವುದರಿಂದ ನಾಲ್ಕು ಸಂಖ್ಯೆಗಳ ವಿಳಾಸವೂ ಪೂರ್ಣ ಹೆಸರೂ ಎಂದೂ ಡಿಕ್ಕಿಯಾಗುವುದಿಲ್ಲ ಎಂಬುದು ಅದರ ತರ್ಕ.

ತರ್ಕ ಸರಿಯಾಗಿಯೇ ಇದೆ. ಎಡವಟ್ಟಾದದ್ದು "ಚುಕ್ಕಿ-ಸಂಖ್ಯೆಯ ರೂಪ" ಎಂದರೆ ಏನು ಎಂಬಲ್ಲಿ.

ಉದಾರಿಯೂ ಕಟ್ಟುನಿಟ್ಟಿನವರೂ

1983ರಲ್ಲಿ ಬಂದ 4.2ಬಿಎಸ್‌ಡಿ ಯುನಿಕ್ಸ್ ನಮಗೆ ಸಾಕೆಟ್‌ಗಳನ್ನು ಕೊಟ್ಟಿತು. ಜೊತೆಗೆ ಐನೆಟ್_ಆಡರ್ ಎಂಬ ಫಂಕ್ಷನ್ ಕೂಡ. ಇದು ಭಾರಿ ಉದಾರಿ. ನಾಲ್ಕು ಭಾಗ ಕೊಟ್ಟರೂ ಒಪ್ಪುತ್ತದೆ, ಮೂರು, ಎರಡು, ಒಂದೇ ಭಾಗ ಕೊಟ್ಟರೂ ಒಪ್ಪುತ್ತದೆ. ಕೊನೆಯ ಭಾಗ ಉಳಿದ ಬಿಟ್‌ಗಳನ್ನೆಲ್ಲ ತುಂಬಿಕೊಳ್ಳುತ್ತದೆ. ನೆಟ್‌ವರ್ಕ್‌ಗಳನ್ನು ಕ್ಲಾಸ್ ಎ, ಕ್ಲಾಸ್ ಬಿ ಎಂದು ವಿಂಗಡಿಸುತ್ತಿದ್ದ ಕಾಲದ ಅನುಕೂಲ ಅದು: ಕ್ಲಾಸ್ ಎ ಆದರೆ 8 ಬಿಟ್ ನೆಟ್‌ವರ್ಕಿಗೆ, ಉಳಿದ 24 ಬಿಟ್ ಹೋಸ್ಟಿಗೆ. ಹಾಗಾಗಿ 127.1 ಎಂದರೆ 127.0.0.1. ಇಡೀ ವಿಳಾಸವನ್ನು ಒಂದೇ ಸಂಖ್ಯೆಯಾಗಿ 2130706433 ಎಂದು ಕೊಟ್ಟರೂ ಅದೇ 127.0.0.1. ಭಾಗವೊಂದು ಸೊನ್ನೆಯಿಂದ ಶುರುವಾದರೆ ಆಕ್ಟಲ್, ಸೊನ್ನೆ-ಎಕ್ಸ್‌ನಿಂದ ಶುರುವಾದರೆ ಹೆಕ್ಸಾಡೆಸಿಮಲ್.

ಅದಕ್ಕೆ ಇನ್ನೊಂದು ಕಾಯಿಲೆಯೂ ಇತ್ತು. ವಿಳಾಸ ತಪ್ಪಿದ್ದರೆ ಅದು ಮೈನಸ್ 1 ಹಿಂದಿರುಗಿಸುತ್ತದೆ. 32 ಬಿಟ್‌ಗಳಲ್ಲಿ ಮೈನಸ್ 1 ಎಂದರೆ ಎಲ್ಲ ಬಿಟ್‌ಗಳೂ ಒಂದು, ಅಂದರೆ 255.255.255.255. ಅದು ನಿಜವಾದ ಬ್ರಾಡ್‌ಕಾಸ್ಟ್ ವಿಳಾಸ! ಉತ್ತರವೂ ದೋಷವೂ ಒಂದೇ ಮುಖವಾಡ ಹಾಕಿಕೊಂಡರೆ ಗುರುತಿಸುವುದು ಹೇಗೆ? ಇದನ್ನು ಸರಿಪಡಿಸಲು ಐನೆಟ್_ಅಟಾನ್ ಬಂತು. ಇದು ಯಶಸ್ಸು-ಸೋಲುಗಳನ್ನು ಬೇರೆಯಾಗಿ, ವಿಳಾಸವನ್ನು ಬೇರೆಯಾಗಿ ಕೊಡುತ್ತದೆ. ಆದರೆ ಓದುವ ಉದಾರತೆ ಮಾತ್ರ ಹಾಗೇ ಉಳಿಯಿತು.

ಐಪಿವಿ6 ಬಂದಾಗ ಐನೆಟ್_ಪಿಟಾನ್ ಹುಟ್ಟಿತು. ಹೆಸರಿನಲ್ಲಿರುವ ಪಿ ಎಂದರೆ ಮನುಷ್ಯರು ಓದುವ ರೂಪ, ಎನ್ ಎಂದರೆ ನೆಟ್‌ವರ್ಕಿನ ರೂಪ. ಇದು ಕಟ್ಟುನಿಟ್ಟು. ಐಪಿವಿ4 ಆದರೆ ಸರಿಯಾಗಿ ನಾಲ್ಕು ಭಾಗ, ಎಲ್ಲವೂ ದಶಮಾನ, ಒಂದೊಂದೂ 0ಯಿಂದ 255ರ ಒಳಗೆ. ಲಿನಕ್ಸಿನ ಗ್ಲಿಬ್‌ಸಿಯಲ್ಲಿ ಮುಂದಿನ ಸೊನ್ನೆಗಳನ್ನೂ ಇದು ಒಪ್ಪುವುದಿಲ್ಲ. 10.1.1.010 ಕೊಟ್ಟರೆ "ಆಗಲ್ಲ" ಎಂದು ಮುಖಕ್ಕೆ ಹೇಳುತ್ತದೆ. ನಮಗೆ ಬೇಕಿದ್ದದ್ದು ಇದೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಗೆಟ್‌ಆಡರ್‌ಇನ್ಫೋಗೆ ಎಐ_ನ್ಯೂಮೆರಿಕ್‌ಹೋಸ್ಟ್ ಎಂಬ ಫ್ಲ್ಯಾಗ್ ಕೊಡಬಹುದು. "ನಾನು ಕೊಡುತ್ತಿರುವುದು ಸಂಖ್ಯೆಯೇ, ಹೆಸರೆಂದು ಹುಡುಕಬೇಡ" ಎಂದು ಅದರ ಅರ್ಥ. ಈ ಫ್ಲ್ಯಾಗ್ ಹಾಕಿದ್ದರೆ 008, 009ಗಳಿಗಾಗಿ ಡಿಎನ್‌ಎಸ್ ಕೇಳುವ ವ್ಯರ್ಥ ಓಡಾಟ ತಪ್ಪುತ್ತಿತ್ತು. ಆದರೆ 010 ಮಾತ್ರ ಆಗಲೂ ಎಂಟೇ ಆಗುತ್ತಿತ್ತು. ಏಕೆಂದರೆ ಗೆಟ್‌ಆಡರ್‌ಇನ್ಫೋ ಐಪಿವಿ4 ಓದುವುದು ಹಳೆಯ ಉದಾರ ಪದ್ಧತಿಯಲ್ಲಿ, ಪಾಸಿಕ್ಸ್ ಮಾನಕವೇ ಹಾಗೆ ಹೇಳುತ್ತದೆ. "ಹೆಸರೋ ಸಂಖ್ಯೆಯೋ" ಎಂಬುದು ಒಂದು ಪ್ರಶ್ನೆ, "ಸಂಖ್ಯೆಯಾದರೆ ಯಾವ ಸಂಖ್ಯೆ" ಎಂಬುದು ಇನ್ನೊಂದು ಪ್ರಶ್ನೆ. ಆ ಫ್ಲ್ಯಾಗ್ ಮೊದಲನೆಯದನ್ನು ಮಾತ್ರ ಬಗೆಹರಿಸುತ್ತದೆ.

ಪೋರ್ಟಿನ ಪಾಡು

ವಿಳಾಸ ಬಿಟ್ಟು ಪೋರ್ಟಿಗೆ ಬಂದರೆ ಅಲ್ಲೂ ಅದೇ ಜೋಡಿ. 80 ಎಂದೂ ಹೇಳಬಹುದು, ಎಚ್‌ಟಿಟಿಪಿ ಎಂದೂ ಹೇಳಬಹುದು. ಹೆಸರಿನಿಂದ ಸಂಖ್ಯೆಗೆ ಹೋಗುವ ಪಟ್ಟಿ ಲಿನಕ್ಸ್‌ನಲ್ಲಿ ಇಟಿಸಿ ಫೋಲ್ಡರಿನ ಸರ್ವಿಸಸ್ ಎಂಬ ಫೈಲಿನಲ್ಲಿದೆ. ಒಮ್ಮೆ ತೆರೆದು ನೋಡಿ.

ನೆಟ್‌ವರ್ಕ್ ಲ್ಯಾಬಿನಲ್ಲಿ ನಾವೆಲ್ಲ ಮಾಡುವ ತಪ್ಪು ಬೇರೆ ಇದೆ. ಕಮಾಂಡ್ ಲೈನಿನಿಂದ ಪೋರ್ಟ್ ತೆಗೆದುಕೊಂಡು ನೇರವಾಗಿ ಎಟುಐ ಫಂಕ್ಷನ್ನಿಗೆ ಕೊಡುತ್ತೇವೆ. ಯಾರಾದರೂ ಅಲ್ಲಿ ಎಚ್‌ಟಿಟಿಪಿ ಎಂದು ಬರೆದರೆ ಎಟುಐ ಕೊಡುವುದು ಸೊನ್ನೆ, ಯಾವ ದೂರೂ ಇಲ್ಲದೆ. ಸೊನ್ನೆ ಪೋರ್ಟಿಗೆ ಬೈಂಡ್ ಮಾಡಿದರೆ "ಖಾಲಿ ಇರುವ ಯಾವುದಾದರೂ ಪೋರ್ಟ್ ಕೊಡು" ಎಂದು ಕರ್ನಲ್ ಅರ್ಥ ಮಾಡಿಕೊಳ್ಳುತ್ತದೆ. ಸರ್ವರ್ ಶುರುವಾಗುತ್ತದೆ, ದೋಷವಿಲ್ಲ, ಆದರೆ ಯಾವ ಪೋರ್ಟಿನಲ್ಲಿ ಕೂತಿದೆ ಅಂತ ಯಾರಿಗೂ ಗೊತ್ತಿಲ್ಲ. ಇನ್ನು 65616 ಎಂದು ಕೊಟ್ಟರೆ? ಪೋರ್ಟ್ 16 ಬಿಟ್‌ನದು. ಮೇಲಿನ ಬಿಟ್ ಉದುರಿ ಉಳಿಯುವುದು 80. ಎಟುಐ ಬದಲು ಎಸ್‌ಟಿಆರ್‌ಟುಎಲ್ ಬಳಸಿ, ಸ್ಟ್ರಿಂಗ್ ಪೂರ್ತಿ ಓದಿ ಮುಗಿಯಿತಾ, ಸಂಖ್ಯೆ ಮಿತಿಯೊಳಗಿದೆಯಾ ಎಂದು ನೋಡುವುದು ನಾಲ್ಕು ಸಾಲಿನ ಕೆಲಸ. ಅಥವಾ ಗೆಟ್‌ಆಡರ್‌ಇನ್ಫೋಗೇ ಪೋರ್ಟನ್ನೂ ಕೊಟ್ಟು, ಸಂಖ್ಯೆ ಮಾತ್ರ ಬೇಕಾದರೆ ಎಐ_ನ್ಯೂಮೆರಿಕ್‌ಸರ್ವ್ ಫ್ಲ್ಯಾಗ್ ಹಾಕಿ.

ಪೋರ್ಟಿನ ಲೋಕದಲ್ಲಿ ಒಂದು ಜಾಣತನದ ನಿಯಮ ಇದೆ. 2011ರ ಆರ್‌ಎಫ್‌ಸಿ 6335ರ ಪ್ರಕಾರ ಹೊಸ ಸೇವೆಯೊಂದರ ಹೆಸರು 15 ಚಿಹ್ನೆ ಮೀರಬಾರದು, ಮತ್ತು ಅದರಲ್ಲಿ ಕನಿಷ್ಠ ಒಂದಾದರೂ ಅಕ್ಷರ ಇರಲೇಬೇಕು. ಬರೀ 23 ಎಂಬ ಹೆಸರು ಸಲ್ಲದು, ಏಕೆಂದರೆ ಅದು ಪೋರ್ಟ್ ಸಂಖ್ಯೆಯಂತೆ ಕಾಣುತ್ತದೆ. ನಮ್ಮ ಯುಎಸ್‌ಎನ್ ನೋಡಿ. ನಡುವೆ ಬ್ರಾಂಚಿನ ಅಕ್ಷರಗಳು ಇರುವುದರಿಂದ ಅದನ್ನು ಯಾರೂ ಹಾಸ್ಟೆಲಿನ ರೂಮ್ ನಂಬರ್ ಅಂದುಕೊಳ್ಳುವುದಿಲ್ಲ. ಅದೇ ಮೆಸ್ಸಿನ ಪುಸ್ತಕದಲ್ಲಿ ಬರೀ "22" ಅಂತ ಬರೆದಿದ್ದರೆ, ಅದು ರೂಮ್ ನಂಬರಾ, ಮೆಂಬರ್ ನಂಬರಾ ಅಂತ ತಿಂಗಳ ಕೊನೆಗೆ ಜಗಳ. ಕ್ಯುಬರ್ನೆಟೀಸ್ ಕಲಿಯುತ್ತಿರುವವರಿಗೆ ಇದೇ ನಿಯಮ ಅಲ್ಲೂ ಎದುರಾಗುತ್ತದೆ. ಟಾರ್ಗೆಟ್ ಪೋರ್ಟ್ ಎಂಬಲ್ಲಿ ಸಂಖ್ಯೆ ಕೊಟ್ಟರೆ ಪೋರ್ಟ್, ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ ಕೊಟ್ಟರೆ ಪೋರ್ಟಿನ ಹೆಸರು. "80" ಎಂದು ಉದ್ಧರಣದೊಳಗೆ ಬರೆದರೆ ಅದು ಹೆಸರಾಗುತ್ತದೆ, ಹೆಸರಿನಲ್ಲಿ ಒಂದೂ ಅಕ್ಷರ ಇಲ್ಲ ಎಂದು ತಿರಸ್ಕೃತವಾಗುತ್ತದೆ.

ಯಾರಿಗೆ ಮೊದಲ ಮಣೆ?

ಲಿಂಕ್-ಲೋಕಲ್ ಐಪಿವಿ6 ವಿಳಾಸಗಳ ಕೊನೆಗೆ ಶೇಕಡಾ ಚಿಹ್ನೆ ಹಾಕಿ, ಯಾವ ನೆಟ್‌ವರ್ಕ್ ಇಂಟರ್‌ಫೇಸಿನ ಮೂಲಕ ಹೋಗಬೇಕು ಅಂತ ಹೇಳುತ್ತೇವೆ. ಎಫ್‌ಇ80::1%ಇಟಿಎಚ್0 ಎಂದು ಹೆಸರು ಕೊಡಬಹುದು, ಎಫ್‌ಇ80::1%3 ಎಂದು ಇಂಟರ್‌ಫೇಸಿನ ಕ್ರಮಸಂಖ್ಯೆಯನ್ನೂ ಕೊಡಬಹುದು. ಆದರೆ ಲಿನಕ್ಸ್ ಕರ್ನಲ್ಲು ಇಂಟರ್‌ಫೇಸಿಗೆ "3" ಎಂದೇ ಹೆಸರಿಡಲು ಬಿಡುತ್ತದೆ. ಹೆಸರು 3, ಕ್ರಮಸಂಖ್ಯೆ 7 ಆಗಿರುವ ಒಂದು ಇಂಟರ್‌ಫೇಸ್ ಇದ್ದರೆ %3 ಎಂದರೆ ಯಾರು? ಗ್ಲಿಬ್‌ಸಿ ಇಂಥಲ್ಲಿ ಮೊದಲು ಹೆಸರನ್ನು ಹುಡುಕುತ್ತದೆ, ಸಿಗದಿದ್ದರೆ ಮಾತ್ರ ಸಂಖ್ಯೆ ಎಂದುಕೊಳ್ಳುತ್ತದೆ.

ಫೈಲಿನ ಒಡೆಯನನ್ನು ಬದಲಿಸುವ ಚೌನ್ ಆದೇಶದಲ್ಲೂ ಹೀಗೇ. ಪಾಸಿಕ್ಸ್ ಪ್ರಕಾರ 1001 ಎಂದು ಕೊಟ್ಟಾಗ ಆ ಹೆಸರಿನ ಬಳಕೆದಾರನಿದ್ದರೆ ಅವನೇ, ಇಲ್ಲದಿದ್ದರೆ ಆ ಸಂಖ್ಯೆಯ ಬಳಕೆದಾರ. ಇಲ್ಲೂ ಹೆಸರಿಗೇ ಮೊದಲ ಮಣೆ.

ಹೋಸ್ಟಿನ ವಿಷಯದಲ್ಲಿ ಇದು ಉಲ್ಟಾ. ನಿಮ್ಮ ಹೋಸ್ಟ್ಸ್ ಫೈಲಿನಲ್ಲಿ ಗೆಳೆಯನ ಕಂಪ್ಯೂಟರಿಗೆ "8" ಎಂದು ಹೆಸರಿಟ್ಟು ನೋಡಿ. ಆ ಹೆಸರಿನಿಂದ ಅದನ್ನು ತಲುಪಲಾರಿರಿ. 8 ಎಂದರೆ ಒಂದೇ ಭಾಗದ ಸಂಖ್ಯಾ ವಿಳಾಸ, ಅಂದರೆ 0.0.0.8 ಎಂದು ಗೆಟ್‌ಆಡರ್‌ಇನ್ಫೋ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಪೋರ್ಟಿನಲ್ಲೂ ಸಂಖ್ಯೆಗೇ ಮೊದಲ ಮಣೆ.

ಅಂದರೆ ಎಲ್ಲ ಕಡೆಗೂ ಸಲ್ಲುವ ಒಂದೇ ನಿಯಮ ಇಲ್ಲ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ನಂಬಿಕೊಂಡು ಕೂರುವ ಹಾಗಿಲ್ಲ. ಈ ಊಹೆಯ ಆಟದಿಂದ ಹೊರಬರಲು ಜನ ಕಂಡುಕೊಂಡ ದಾರಿಗಳು ಮೂರು.

ಒಂದು, ಎರಡೂ ಒಂದೇ ತರ ಕಾಣದಂತೆ ಹೆಸರಿಡುವಾಗಲೇ ತಡೆಯುವುದು. ಸೇವೆಯ ಹೆಸರಿನಲ್ಲಿ ಒಂದು ಅಕ್ಷರ ಕಡ್ಡಾಯ ಎಂಬುದು ಇದೇ. ಸಿಸ್ಟಂಡಿ ಕೂಡ ಬರೀ ಅಂಕಿಗಳ ಇಂಟರ್‌ಫೇಸ್ ಹೆಸರನ್ನು ಒಪ್ಪುವುದಿಲ್ಲ. ಕ್ರಮಸಂಖ್ಯೆಯ ಜೊತೆ ಗೊಂದಲವಾಗಬಾರದು ಎಂದೇ ಅದರ ಕೈಪಿಡಿ ಕಾರಣ ಕೊಡುತ್ತದೆ.

ಎರಡು, ಒಂದು ಗುರುತು ಅಂಟಿಸುವುದು. ಗ್ನೂ ಚೌನ್‌ನಲ್ಲಿ ಸಂಖ್ಯೆಯ ಹಿಂದೆ ಪ್ಲಸ್ ಹಾಕಿ +1001 ಎಂದರೆ, ಅದು ಖಂಡಿತ ಸಂಖ್ಯೆಯೇ, ಹೆಸರಲ್ಲ.

ಮೂರು, ಟೈಪ್‌ನಲ್ಲೇ ಬೇರೆ ಮಾಡುವುದು. ಪೈಥಾನಿನ ಐಪಿಆಡ್ರೆಸ್ ಮಾಡ್ಯೂಲಿಗೆ 2130706433 ಎಂಬ ಪೂರ್ಣಾಂಕ ಕೊಟ್ಟರೆ 127.0.0.1 ಎನ್ನುತ್ತದೆ. ಅದನ್ನೇ ಸ್ಟ್ರಿಂಗ್ ಆಗಿ ಕೊಟ್ಟರೆ ದೋಷ ಎಸೆಯುತ್ತದೆ. ಜಾವಾದಲ್ಲಿ ಹಳೆಯ ಗೆಟ್‌ಬೈನೇಮ್ ಎರಡನ್ನೂ ಒಪ್ಪಿಕೊಂಡು, ಸಂಖ್ಯೆಯಂತೆ ಕಾಣದಿದ್ದರೆ ಡಿಎನ್‌ಎಸ್ ಕೇಳಲು ಹೋಗುತ್ತದೆ. ಜಾವಾ 22ರಲ್ಲಿ ಆಫ್‌ಲಿಟರಲ್ ಎಂಬ ಹೊಸ ಮೆಥಡ್ ಬಂದಿದೆ. ಅದು ಸಂಖ್ಯಾ ವಿಳಾಸವನ್ನು ಮಾತ್ರ ಓದುತ್ತದೆ, ಹೆಸರು ಹುಡುಕಲು ಹೋಗುವುದಿಲ್ಲ.

ಕಾವಲುಗಾರ ಒಂದು ಓದಿದ, ಡ್ರೈವರ್ ಇನ್ನೊಂದು

ನಮ್ಮ ಕಥೆಯಲ್ಲಿ ಹಾಳಾದದ್ದು ಒಂದು ಸುತ್ತಿನ ರಸಪ್ರಶ್ನೆ. ಕೆಲವು ಕಡೆ ಇದಕ್ಕಿಂತ ದೊಡ್ಡದು ಹಾಳಾಗುತ್ತದೆ.

ಬಳಕೆದಾರರು ಕೊಟ್ಟ ಕೊಂಡಿಯಿಂದ ಚಿತ್ರ ತಂದುಕೊಡುವ ಒಂದು ವೆಬ್ ಸೇವೆ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಯಾರೂ ನಿಮ್ಮ ಸರ್ವರಿನ ಒಳಗಿನ ವಿಳಾಸಗಳನ್ನು ಕೊಟ್ಟು ಮೋಸ ಮಾಡಬಾರದು ಅಂತ 127ರಿಂದ ಶುರುವಾಗುವ ವಿಳಾಸಗಳನ್ನು ತಡೆಯುತ್ತೀರಿ. ದಾಳಿಕೋರ 0177.0.0.1 ಎಂದು ಕೊಡುತ್ತಾನೆ. ತಪಾಸಣೆ ಮಾಡುವ ಲೈಬ್ರರಿ ಮುಂದಿನ ಸೊನ್ನೆಯನ್ನು ಕಿತ್ತುಹಾಕಿ 177.0.0.1 ಎಂದು ಓದುತ್ತದೆ. ಹೊರಗಿನ ವಿಳಾಸ, ಪರವಾಗಿಲ್ಲ, ಬಿಡು ಎನ್ನುತ್ತದೆ. ನಿಜವಾಗಿ ಸಂಪರ್ಕ ಮಾಡುವ ಫಂಕ್ಷನ್ ಅದನ್ನು ಆಕ್ಟಲ್ ಎಂದು ಓದುತ್ತದೆ. 0177 ಎಂದರೆ 127. ದಾಳಿಕೋರ ಸೀದಾ ಮನೆಯೊಳಗೆ.

ಇದು ಕಟ್ಟುಕಥೆಯಲ್ಲ. 2021ರಲ್ಲಿ ನೋಡ್‌ಜೆಎಸ್‌ನ ನೆಟ್‌ಮಾಸ್ಕ್ ಎಂಬ ಪ್ಯಾಕೇಜಿನಲ್ಲಿ ಈ ದೋಷ ಬಯಲಾಯಿತು. ಅದೇ ವರ್ಷ ಪೈಥಾನ್, ರಸ್ಟ್, ಗೋ ಭಾಷೆಗಳ ಲೈಬ್ರರಿಗಳಲ್ಲೂ ಇದೇ ಜಾತಿಯ ದೋಷಗಳು ದಾಖಲಾದವು. ಆ ಮೂರರ ಸಿವಿಇ ಸಂಖ್ಯೆಗಳು ಕೂಡ ಸಾಲಾಗಿ ಇವೆ: 2021-29921, 29922, 29923. ಮೂರೂ ಕಂಡುಕೊಂಡ ಪರಿಹಾರ ಒಂದೇ. ಆಕ್ಟಲ್ಲೋ ದಶಮಾನವೋ ಎಂದು ವಾದಕ್ಕೆ ಕೂರದೆ, ಮುಂದೆ ಸೊನ್ನೆ ಇದ್ದರೆ ವಿಳಾಸವನ್ನೇ ತಿರಸ್ಕರಿಸುವುದು. ಪೈಥಾನ್ 3.9.5, ರಸ್ಟ್ 1.53, ಗೋ 1.17ರಿಂದ ಹೀಗಿದೆ.

ಆದರೂ ಬೇರೊಂದು ಬಾಗಿಲು ತೆರೆದೇ ಇರುತ್ತದೆ. ಹೆಸರು ಕೊಟ್ಟಾಗ ಒಮ್ಮೆ ಡಿಎನ್‌ಎಸ್ ಕೇಳಿ ವಿಳಾಸ ತಪಾಸಣೆ ಮಾಡಿ, ಆಮೇಲೆ ಸಂಪರ್ಕ ಮಾಡುವಾಗ ಮತ್ತೆ ಅದೇ ಹೆಸರನ್ನು ಕೊಟ್ಟರೆ, ಎರಡನೇ ಸಲ ಬೇರೆ ಉತ್ತರ ಬರಬಹುದು. ಹೆಸರು ಅದೇ, ಸಂಖ್ಯೆ ಬದಲು. ಒಮ್ಮೆ ಸಂಖ್ಯೆಯಾದ ಮೇಲೆ ಆ ಸಂಖ್ಯೆಯನ್ನೇ ಕೊನೆಯವರೆಗೂ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು.

ನಾವು ಈಗ ಪಾಲಿಸುವ ನಿಯಮಗಳು

ಆವತ್ತಿನ ನಂತರ ನಮ್ಮ ತಂಡ ಬರೆದುಕೊಂಡದ್ದನ್ನು ನಿಮಗೂ ಕೊಡುತ್ತಿದ್ದೇವೆ.

1. ಒಳಗೆ ಬರುವ ಸ್ಟ್ರಿಂಗ್ ಹೆಸರೋ ಸಂಖ್ಯೆಯೋ ಎಂದು ಬಾಗಿಲಲ್ಲೇ ತೀರ್ಮಾನಿಸಿ. ಸಂಖ್ಯೆ ಮಾತ್ರ ಬೇಕಾದ ಕಡೆ ಐನೆಟ್_ಪಿಟಾನ್‌ನಂಥ ಕಟ್ಟುನಿಟ್ಟಿನ ಫಂಕ್ಷನ್ ಬಳಸಿ. ಅದು ಸೋತರೆ ದೋಷ ತೋರಿಸಿ ನಿಲ್ಲಿಸಿ. "ಹಾಗಾದರೆ ಹೆಸರಿರಬಹುದು" ಎಂದು ಮುಂದುವರಿಯಬೇಡಿ.

2. ಎರಡನ್ನೂ ಒಪ್ಪಲೇಬೇಕಾದರೆ, ಮೊದಲು ಕಟ್ಟುನಿಟ್ಟಾಗಿ ಸಂಖ್ಯೆಯೆಂದು ಓದಿ. ಆಗದಿದ್ದರೆ ಕೊನೆಯ ಭಾಗ ನೋಡಿ. ಅದು ಅಂಕಿಗಳದ್ದೇ ಆಗಿದ್ದರೆ ತಿರಸ್ಕರಿಸಿ. ಬ್ರೌಸರುಗಳು ಪಾಲಿಸುವ ಯುಆರ್‌ಎಲ್ ಮಾನಕದಲ್ಲೂ ಇಂಥದೇ ನಿಯಮ ಇದೆ: ಹೋಸ್ಟ್ ಸಂಖ್ಯೆಯಲ್ಲಿ ಕೊನೆಗೊಂಡರೆ ಅದು ಐಪಿವಿ4 ವಿಳಾಸ ಆಗಿರಲೇಬೇಕು, ಇಲ್ಲದಿದ್ದರೆ ದೋಷ.

3. ಓದುವುದು ಒಂದೇ ಸಲ. ಓದಿ ಬಂದ ಬೈನರಿ ವಿಳಾಸವನ್ನೇ ತಪಾಸಣೆಗೂ ಸಂಪರ್ಕಕ್ಕೂ ಬಳಸಿ. ಮೂಲ ಸ್ಟ್ರಿಂಗನ್ನು ಮತ್ತೊಂದು ಲೈಬ್ರರಿಗೆ ದಾಟಿಸಬೇಡಿ.

4. ಲಾಗಿನಲ್ಲಿ ಎರಡನ್ನೂ ಬರೆಯಿರಿ: ನಿಮಗೆ ಕೊಟ್ಟದ್ದು ಏನು, ನೀವು ನಿಜವಾಗಿ ಸಂಪರ್ಕಿಸಿದ್ದು ಯಾರನ್ನು. ಗೆಟ್‌ನೇಮ್‌ಇನ್ಫೋ ಫಂಕ್ಷನ್ನಿಗೆ ಎನ್‌ಐ_ನ್ಯೂಮೆರಿಕ್‌ಹೋಸ್ಟ್ ಫ್ಲ್ಯಾಗ್ ಕೊಟ್ಟರೆ ಸಂಖ್ಯೆ ಸಿಗುತ್ತದೆ. ನಮ್ಮ ಲಾಗ್ ಫೈಲಿನಿಂದ ಓದಿದ 10.1.1.035 ಎಂಬುದನ್ನೇ ಮತ್ತೆ ಬರೆಯುತ್ತಿತ್ತು. ಅದರ ಪಕ್ಕದಲ್ಲಿ 10.1.1.29 ಎಂದು ಬಂದಿದ್ದರೆ ಮೊದಲ ಪ್ರಶ್ನೆಗೇ ನಮಗೆ ತಿಳಿಯುತ್ತಿತ್ತು.

5. ಪರೀಕ್ಷೆಗೆ 1ರಿಂದ 5 ತೆಗೆದುಕೊಳ್ಳಬೇಡಿ. 8, 10, ಮತ್ತು ಕಟ್ಟಕಡೆಯದನ್ನು ತೆಗೆದುಕೊಳ್ಳಿ.

ಐದನೆಯದು ಓದಿ ನಗು ಬರಬಹುದು. ನಮಗೂ ಈಗ ಬರುತ್ತದೆ. ಆವತ್ತು ಬಂದಿರಲಿಲ್ಲ. ಸುತ್ತನ್ನು ಮತ್ತೆ ನಡೆಸಿದಾಗ ಕೊನೆಯ ಸಾಲಿನ ಎಂಟು ತಂಡಗಳಲ್ಲಿ ಎರಡು ಆಗಲೇ ಎದ್ದು ಹೋಗಿದ್ದವು. ಫೋನ್ ಮಾಡಿ ಕರೆದರೂ ಒಂದು ತಂಡ ವಾಪಸ್ ಬರಲಿಲ್ಲ. ಬಂದವರಲ್ಲಿ ಆ 35ನೇ ಕಂಪ್ಯೂಟರಿನ ಹುಡುಗನೂ ಇದ್ದ. ನಿಜ ಹೇಳಬೇಕೆಂದರೆ ಆವತ್ತು ನಾವು ಮಾಡಿದ ದೊಡ್ಡ ತಪ್ಪು ಆಕ್ಟಲ್ ಮರೆತದ್ದಲ್ಲ. 8ನೇ ಕಂಪ್ಯೂಟರಿನ ವಿಷಯದಲ್ಲಿ ಲಾಗ್ ಸುಳ್ಳು ಹೇಳುತ್ತಿದೆ ಎಂದು ಕಣ್ಣಾರೆ ಕಂಡವರು, ಅದಾದ ಎರಡು ನಿಮಿಷಕ್ಕೆ ಅದೇ ಲಾಗ್ ತೋರಿಸಿ ಅವನ ಬಾಯಿ ಮುಚ್ಚಿಸಿದೆವು. ಹತ್ತು ಹೆಜ್ಜೆ ನಡೆದು ಅವನ ಪರದೆ ನೋಡಿದ್ದರೆ ಸಾಕಿತ್ತು.

ಅವನಲ್ಲಿ ಆವತ್ತೇ ಕ್ಷಮೆ ಕೇಳಿದ್ದೇವೆ, ಉಳಿದ ಏಳು ತಂಡಗಳಲ್ಲಿ ಈ ಲೇಖನದ ಮೂಲಕ ಕೇಳುತ್ತಿದ್ದೇವೆ. ಈ ವರ್ಷದ ರಸಪ್ರಶ್ನೆಯ ಪ್ರೋಗ್ರಾಂ ಬರೆಯುತ್ತಿರುವುದು ಅವನೇ. ಲ್ಯಾಬಿನ ಸ್ಟಿಕ್ಕರ್‌ಗಳು ಮಾತ್ರ ಇನ್ನೂ ಹಾಗೇ ಇವೆ. ಕಿತ್ತರೆ ಅಂಟು ಉಳಿಯುತ್ತದೆ ಅಂತ ಲ್ಯಾಬಿನವರು ಬಿಡುತ್ತಿಲ್ಲ. ಆ ಕಡೆ ಹೋದಾಗ 10ನೇ ಕಂಪ್ಯೂಟರಿನ ಸ್ಟಿಕ್ಕರಿನಲ್ಲಿ ಇರುವುದನ್ನು ಹಾಗೇ ಟೈಪ್ ಮಾಡಿ ಪಿಂಗ್ ಮಾಡಿ ನೋಡಿ. ಉತ್ತರ ಯಾರಿಂದ ಬರುತ್ತದೆ ಅಂತ ಈಗ ನಿಮಗೆ ಗೊತ್ತು.